ಗಿಡದ ಆರ್ಬುಟಿನ್ನನ್ನು ಮತ್ತೆ ಯಾಕೆ ತಿದ್ದುತ್ತಾರೆ?

ಪ್ರಶ್ನೆ: ಕಲೆ ತಿಳಿಯಾಗಿಸುವ ಆರ್ಬುಟಿನ್ ಗಿಡದಲ್ಲೇ ಇದೆಯಲ್ಲ, ಅದನ್ನು ಹಾಗೇ ಹಚ್ಚಬಾರದೆ? ಲ್ಯಾಬಿಗೆ ಒಯ್ದು ಯಾಕೆ ‘ಕೆಮಿಕಲ್’ ಮಾಡುತ್ತಾರೆ?

ಉತ್ತರ: ಹಚ್ಚಬಹುದು, ಹೆಚ್ಚೇನೂ ಆಗುವುದಿಲ್ಲ, ಅಷ್ಟೇ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವಕ್ಕೆ ಆರ್ಬುಟಿನ್ ಅಡ್ಡಗಾಲು ಹಾಕುತ್ತದೆ. ಆದರೆ ಅದರ ಬೆನ್ನ ಮೇಲೊಂದು ಸಕ್ಕರೆ ಮೂಟೆ. ನೀರಿಗೆ ಒಲಿಯುವ ಆ ಮೂಟೆ ಹೊತ್ತು ಜಿಡ್ಡಿನ ಹೊರಚರ್ಮ ದಾಟುವುದು ಕಷ್ಟ.

ಈಗ ಆ ‘ಕೆಮಿಕಲ್’ ವಿಷಯಕ್ಕೆ ಬರೋಣ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆರ್ಬುಟಿನ್ ಅಂದರೆ ಏನು? ಹೈಡ್ರೋಕ್ವಿನೋನಿಗೆ ಒಂದು ಗ್ಲೂಕೋಸ್ ಅಂಟಿಸಿದ್ದು. ಹೌದು, ಕಲೆ ತಿಳಿಯಾಗಿಸಲು ಬಳಸುವ, ನೀವು ಹೆದರುವ ಅದೇ ಹೈಡ್ರೋಕ್ವಿನೋನ್! ಅಂಟಿಸಿದ್ದು ಲ್ಯಾಬಲ್ಲ, ಬೇರ್‌ಬೆರಿ ಗಿಡ. ರಾಸಾಯನಿಕ ಮಾರ್ಪಾಡು ಎಲೆಯೊಳಗೇ ನಡೆದುಹೋಗಿದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಆ ಗ್ಲೂಕೋಸನ್ನು ಕಿತ್ತರೆ ಉಳಿಯುವುದು ಮತ್ತೆ ಹೈಡ್ರೋಕ್ವಿನೋನೇ. ಹಾಗಾಗಿ ‘ಗಿಡದ್ದು, ಏನೂ ಆಗಲ್ಲ’ ಎನ್ನುವವರು ಆ ಅಣುವಿನ ಚಿತ್ರವನ್ನು ಒಮ್ಮೆಯೂ ನೋಡಿದವರಲ್ಲ.

ಹಾಗಂತ ತಿದ್ದಿದ್ದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಸಕ್ಕರೆಯನ್ನು ನೀರಿಗೆ ಒಲಿಸುವ ಹೈಡ್ರಾಕ್ಸಿಲ್ (OH) ಗುಂಪುಗಳನ್ನೆಲ್ಲ ಸವರಿಹಾಕಿ ಡಿಆಕ್ಸಿಆರ್ಬುಟಿನ್ ಮಾಡಿದರು. ಮೂಟೆ ಹಗುರಾಯಿತು, ಚರ್ಮ ದಾಟುವುದೂ ಸುಲಭವಾಯಿತು. ಆದರೆ ಅದು ಒಡೆದು ಹೈಡ್ರೋಕ್ವಿನೋನ್ ಬಿಡುತ್ತದೆ. ಮುಖದ ಕ್ರೀಮಿನಲ್ಲಿ ಶೇ. 3ರವರೆಗಿನ ಬಳಕೆಯೂ ಸುರಕ್ಷಿತವಲ್ಲವೆಂದು ಯುರೋಪಿನ ವೈಜ್ಞಾನಿಕ ಸಮಿತಿ 2015ರಲ್ಲಿ ಹೇಳಿತು.

ಇದರ ಬಗ್ಗೆಯೇ ‘ಆರ್ಬುಟಿನ್‌ಗಿಂತ 350 ಪಟ್ಟು ಪ್ರಬಲ’ ಎಂಬ ಮಾತೂ ಓಡಾಡುತ್ತದೆ. ಯಾರಿಗೆ ಪ್ರಬಲ ಎಂದು ಯಾರೂ ಕೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ: ಅಣಬೆಗೆ. ಅಗ್ಗವಾಗಿ ಸಿಗುವ ಟೈರೋಸಿನೇಸ್ ಅಣಬೆಯದು. ಪುಟ್ಟ ಗುಳಿಗಳ ತಟ್ಟೆಯಲ್ಲಿ ಆ ಕಿಣ್ವಕ್ಕೆ ಮೆಲನಿನ್ನಿನ ಕಚ್ಚಾವಸ್ತುವಾದ ಡೋಪಾದ ದ್ರಾವಣ ಬೆರೆಸಿದರೆ, ನೀರಿನಂತಿದ್ದದ್ದು ನೋಡನೋಡುತ್ತ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಪರೀಕ್ಷಿಸುವ ವಸ್ತು ಬಿದ್ದ ಗುಳಿ ತಿಳಿಯಾಗೇ ಉಳಿದರೆ ‘ಪ್ರಬಲ’ ಎಂದು ಬರೆದುಕೊಳ್ಳುತ್ತಾರೆ. ನೋಡಲು ಚಂದ, ನಾನೂ ಮಕ್ಕಳಿಗೆ ತೋರಿಸುತ್ತೇನೆ. ಆದರೆ ಮನುಷ್ಯನ ಟೈರೋಸಿನೇಸ್ ಬೇರೆಯದೇ ಜಾಯಮಾನದ್ದು. ಅಣಬೆಯ ಕಿಣ್ವವನ್ನು ಸುಲಭವಾಗಿ ಕಟ್ಟಿಹಾಕುವ ಕೋಜಿಕ್ ಆಮ್ಲ (ಕಲೆ ತಿಳಿಯಾಗಿಸಲು ಬಳಸುವ ಇನ್ನೊಂದು ವಸ್ತು) ನಮ್ಮದರ ಮುಂದೆ ಸಪ್ಪೆ.

ಉಲ್ಟಾ ಆಗಿದ್ದೂ ಉಂಟು. ಆರ್ಬುಟಿನ್ನಿನ ಗ್ಲೂಕೋಸನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಅಂಟಿಸಿದರೆ ಅದೇ ಆಲ್ಫಾ-ಆರ್ಬುಟಿನ್. ಅದನ್ನು ಅಣಬೆಯ ಕಿಣ್ವ ಕ್ಯಾರೇ ಅನ್ನಲಿಲ್ಲ. ಇಲಿಯ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶದಿಂದ ತೆಗೆದ ಕಿಣ್ವದ ಮೇಲೆ ಮಾತ್ರ ಗಿಡದ್ದಕ್ಕಿಂತ ಸುಮಾರು 10 ಪಟ್ಟು ಬಲ ತೋರಿಸಿತು. ಅಣಬೆಯನ್ನೇ ನಂಬಿ ಕೂತಿದ್ದರೆ ಅದು ಆವತ್ತೇ ಸಿಂಕಿನ ಪಾಲಾಗುತ್ತಿತ್ತು.