ಇಳಿಯದೆ ಮೇಲೆದ್ದ ವಿಮಾನ

ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆಲ್ಲ ವಿಂಡ್‌ಶಿಯರ್ ಗೊತ್ತು, ಹೆಸರು ಗೊತ್ತಿರುವುದಿಲ್ಲ ಅಷ್ಟೆ. ಅಂಗಳದಲ್ಲಿ ಗಾಳಿ ಇದ್ದೂ ಇಲ್ಲದ ಹಾಗೆ ಇರುತ್ತದೆ. ಪಟ ಹಿಡಿದು ಓಡಬೇಕು. ಅದು ಮನೆಯ ಹೆಂಚು ದಾಟಿ, ತೆಂಗಿನ ಗರಿ ದಾಟಿತೋ ಇಲ್ಲವೋ, ದಾರ ಬಿಗಿದುಕೊಂಡು ಬೆರಳು ಕೊಯ್ಯುವಷ್ಟು ಎಳೆಯುತ್ತದೆ. ಹೀಗೆ ಸ್ವಲ್ಪ ಅಂತರದಲ್ಲೇ ಗಾಳಿಯ ವೇಗವೋ ದಿಕ್ಕೋ ಬದಲಾಗುವುದೇ ವಿಂಡ್‌ಶಿಯರ್. ಗಾಳಿಪಟಕ್ಕೆ ಇದು ಅನುಕೂಲ. ಇಳಿಯುತ್ತಿರುವ ವಿಮಾನಕ್ಕೆ ಅಲ್ಲ.

ಒಂದು ಏಪ್ರಿಲ್ ಸಂಜೆ ಹೈದರಾಬಾದಿನಿಂದ ಮೈಸೂರಿಗೆ ಬರುತ್ತಿದ್ದೆ. ಎರಡು ಪ್ರೊಪೆಲ್ಲರಿನ ಎಟಿಆರ್ ವಿಮಾನ. ಮಂಡಕಳ್ಳಿಯ ರನ್‌ವೇ ಉದ್ದ 1,740 ಮೀಟರ್, ಅದಕ್ಕೇ ಇಲ್ಲಿಗೆ ಬರುವುದು ಇಂಥ ಸಣ್ಣವೇ. ದಾರಿಯುದ್ದಕ್ಕೂ ಹಳ್ಳಿ ರಸ್ತೆಯ ಬಸ್ಸಿನಂತೆ ಕುಲುಕಿತು, ಜನ ಸೀಟಿನ ಕೈ ಹಿಡಿದು ದೇವರ ಹೆಸರು ಹೇಳಿದರು. ಕೊನೆಗೆ ಗದ್ದೆ ಬದು ಕಾಣುವಷ್ಟು ಕೆಳಗೆ ಬಂದಾಗ ಎಲ್ಲ ಶಾಂತ. ಅಬ್ಬಾ ಅಂದುಕೊಳ್ಳುವಷ್ಟರಲ್ಲಿ ಎಂಜಿನ್ ಜೋರಾಗಿ ಕೂಗಿ, ಮೂಗು ಎತ್ತಿ, ವಿಮಾನ ಮತ್ತೆ ಆಕಾಶಕ್ಕೆ ಹೊರಟಿತು. ಪಕ್ಕದಲ್ಲಿದ್ದ ಮಂಡ್ಯದವರು ಸಿಟ್ಟಾದರು. "ಏನ್ ಸಾ ಇದು, ಇಳ್ಸಾಕ್ ಬರಾಕಿಲ್ವಾ ಇವ್ನ್ಗೆ?"

ನಾವು ಹೆದರಿದ್ದು ಕುಲುಕಾಟಕ್ಕೆ. ಪೈಲಟ್ ಎಚ್ಚರಗೊಂಡಿದ್ದು ಆ ಶಾಂತ ಹೊತ್ತಿನಲ್ಲಿ, ವಿಂಡ್‌ಶಿಯರಿಗೆ.

ಮೊದಲು ಕುಲುಕಾಟ ಅಂದರೆ ಟರ್ಬುಲೆನ್ಸ್ ವಿಷಯ ಮುಗಿಸಿಬಿಡೋಣ. ಬೇಸಿಗೆ ಮಧ್ಯಾಹ್ನ ಉತ್ತ ಕರಿ ಹೊಲ ಬೇಗ ಕಾಯುತ್ತದೆ, ಕನ್ನಂಬಾಡಿ ಕಟ್ಟೆಯ ನೀರು ಅಷ್ಟು ಕಾಯುವುದಿಲ್ಲ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಪಕ್ಕದಲ್ಲೇ ತಂಪು ಗಾಳಿ ಕೆಳಗಿಳಿಯುತ್ತದೆ. ಹದ್ದು ರೆಕ್ಕೆ ಬಡಿಯದೆ ಗಿರಕಿ ಹೊಡೆಯುತ್ತಾ ಮೇಲೇರುವುದು ಇಂಥ ಏರುಗಾಳಿಯಲ್ಲೇ. ನಮಗೆ ಅದೇ ಒಂದೊಂದು ಏಟು. ಇನ್ನೊಂದು ಕಾರಣ ಅಡ್ಡಿ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಹಿಂದೆ ಕಾವೇರಿ ಸುಳಿಸುಳಿಯಾಗಿ ಹರಿಯುವುದನ್ನು ನೋಡಿದ್ದೀರಲ್ವಾ? ಜೋರು ಪಡುವಣ ಗಾಳಿ ಇದ್ದಾಗ ಚಾಮುಂಡಿ ಬೆಟ್ಟದ ಪೂರ್ವಕ್ಕೂ ಹಾಗೇ ಸುಳಿಗಳು ಏಳುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಪೇಪರಿನವರು ಬರೆಯುವ 'ಏರ್ ಪಾಕೆಟ್' ಅಂತೂ ಸುಳ್ಳು. ಆಕಾಶದಲ್ಲಿ ಗಾಳಿಯಿಲ್ಲದ ಗುಂಡಿ ಎಲ್ಲೂ ಇಲ್ಲ, ಇರುವುದು ಇಳಿಯುವ ಗಾಳಿ.

ದೊಡ್ಡ ಜೆಟ್ ವಿಮಾನಗಳು ಹಾರುವ 10-12 ಕಿಲೋಮೀಟರ್ ಎತ್ತರದಲ್ಲಿ ಇನ್ನೊಂದು ಬಗೆಯಿದೆ. ಅಲ್ಲಿ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಅದರ ಅಂಚಿನಲ್ಲಿ ವೇಗದ ಗಾಳಿಯೂ ನಿಧಾನದ ಗಾಳಿಯೂ ಒಂದಕ್ಕೊಂದು ಉಜ್ಜಿ ಸುಳಿ ಏಳುತ್ತವೆ. ಮೋಡವಿಲ್ಲ, ಹನಿಯಿಲ್ಲ, ಹಾಗಾಗಿ ಮೂಗಿನಲ್ಲಿರುವ ರೇಡಾರಿಗೂ ಕಾಣದು. ಮುಂದೆ ಹೋದ ವಿಮಾನದವರು ರೇಡಿಯೋದಲ್ಲಿ ಹೇಳಿದರೆ ಉಂಟು. ಉತ್ತರ ಅಟ್ಲಾಂಟಿಕ್ ಮೇಲೆ ಇಂಥ ತೀವ್ರ ಕುಲುಕಾಟದ ಹೊತ್ತು 1979ರಿಂದ 2020ರ ನಡುವೆ ಶೇ. 55ರಷ್ಟು ಜಾಸ್ತಿಯಾಗಿದೆ ಎಂದು ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದವರು 2023ರಲ್ಲಿ ಲೆಕ್ಕ ಕೊಟ್ಟರು. ಹಾಗಂತ ರೆಕ್ಕೆ ಮುರಿಯುತ್ತದೆ ಎಂದು ಹೆದರಬೇಡಿ. ಬಳಕೆಯಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ತಡೆಯಲೇಬೇಕು ಎಂಬುದು ನಿಯಮ. 1995ರಲ್ಲಿ ಬೋಯಿಂಗ್ 777ರ ರೆಕ್ಕೆಯನ್ನು ಬೇಕಂತಲೇ ಬಗ್ಗಿಸುತ್ತಾ ಹೋದರು, ಮುರಿದಿದ್ದು ಆ ಅತಿ ಹೆಚ್ಚಿನ ಭಾರದ ಶೇ. 154ಕ್ಕೆ. ಪೆಟ್ಟು ಬೀಳುವುದು ವಿಮಾನಕ್ಕಿಂತ ಬೆಲ್ಟ್ ಹಾಕದವರಿಗೆ.

ಈಗ ನಮ್ಮ ಇಳಿಯುವ ವಿಮಾನಕ್ಕೆ ಬರೋಣ. ರೆಕ್ಕೆಗೆ ಬೇಕಾದ್ದು ನೆಲದ ಮೇಲಿನ ವೇಗ ಅಲ್ಲ, ಅದರ ಮೇಲೆ ಹಾಯುವ ಗಾಳಿಯ ವೇಗ. ಸುಮ್ನೆ ಒಂದು ಲೆಕ್ಕ ಮಾಡಿ. ರೆಕ್ಕೆಗೆ ಗಂಟೆಗೆ 200 ಕಿಲೋಮೀಟರಿನ ಗಾಳಿ ಸಿಗುತ್ತಿದೆ, ಅದರಲ್ಲಿ 40 ಎದುರುಗಾಳಿಯದ್ದು. ಅಂದರೆ ನೆಲಕ್ಕೆ ಹೋಲಿಸಿದರೆ ವಿಮಾನ ಓಡುತ್ತಿರುವುದು 160ರಲ್ಲಿ. ಈಗ ಕೆಲವೇ ಸೆಕೆಂಡಿನಲ್ಲಿ ಗಾಳಿ ತಿರುಗಿ, ಅದೇ 40 ಹಿಂದಿನಿಂದ ಬೀಸಿತು ಅನ್ನಿ. ಸುಮಾರು 20 ಟನ್ ತೂಕದ ವಿಮಾನ ತಟ್ಟನೆ ವೇಗ ಹೆಚ್ಚಿಸಿಕೊಳ್ಳಲಾರದು, 160ರಲ್ಲೇ ಇರುತ್ತದೆ. ರೆಕ್ಕೆಗೆ ಸಿಗುವುದು ಬರೀ 120. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅದು ಸುಮಾರು ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಮೇಲೆ ಆಗಿದ್ದರೆ ಮೂಗು ತಗ್ಗಿಸಿ ವೇಗ ಕೂಡಿಸಿಕೊಳ್ಳಬಹುದಿತ್ತು. ನೂರು ಮೀಟರ್ ಎತ್ತರದಲ್ಲಿ ಆ ಆಟ ನಡೆಯುವುದಿಲ್ಲ.

ಗಾಳಿ ಹಾಗೆ ತಿರುಗುವುದು ಯಾಕೆ? ಭರಣಿ ಮಳೆಗೆ ಮೊದಲು ಮುಖಕ್ಕೆ ರಪ್ಪನೆ ಹೊಡೆಯುವ ತಂಗಾಳಿ ನೆನಪಿಸಿಕೊಳ್ಳಿ. ಗುಡುಗು ಮೋಡದಿಂದ ಬೀಳುವ ಹನಿಗಳು ದಾರಿಯಲ್ಲೇ ಒಣಗಾಳಿಗೆ ಆವಿಯಾಗುತ್ತವೆ. ಮಡಕೆಯ ನೀರು ತಣ್ಣಗಾಗುವ ಹಾಗೆ ಆ ಗಾಳಿ ತಣ್ಣಗಾಗಿ, ಭಾರವಾಗಿ, ದಬದಬನೆ ಕೆಳಗೆ ಬೀಳುತ್ತದೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಬಕೆಟ್ ಒಮ್ಮೆಲೇ ಸುರಿದರೆ ನೀರು ನಾಲ್ಕೂ ಕಡೆ ಚಿಮ್ಮುತ್ತದಲ್ಲ, ಹಾಗೆ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಇದೇ ಮೈಕ್ರೋಬರ್ಸ್ಟ್. ಅಗಲ 4 ಕಿಲೋಮೀಟರಿಗಿಂತ ಕಡಿಮೆ, ಆಯುಸ್ಸು ಕೆಲವೇ ನಿಮಿಷ. ವಿಮಾನ ಇದರೊಳಗೆ ಹೊಕ್ಕಾಗ ಮೊದಲು ಸಿಗುವುದು ಜೋರು ಎದುರುಗಾಳಿ. ವೇಗ ಏರುತ್ತದೆ, ವಿಮಾನ ತಾನೇ ಮೇಲೇಳುತ್ತದೆ, ಅಂದರೆ ಗಾಳಿ ಪುಕ್ಕಟೆ ಸಾಲ ಕೊಡುತ್ತದೆ. ಗೊತ್ತಿಲ್ಲದ ಪೈಲಟ್ ಎಂಜಿನ್ ಬಲ ತಗ್ಗಿಸುತ್ತಾನೆ. ನಡುವೆ ಕೆಳಕ್ಕೆ ಒತ್ತುವ ಗಾಳಿ, ಅದರ ಹಿಂದೆಯೇ ಬೆನ್ನುಗಾಳಿ. ಸಾಲ ಬಡ್ಡಿ ಸಮೇತ ವಸೂಲಾಗುತ್ತದೆ.

ಇದನ್ನು ಕಂಡುಹಿಡಿದವರು ಜಪಾನಿನಿಂದ ಷಿಕಾಗೋಗೆ ಹೋಗಿ ನೆಲೆಸಿದ ಹವಾಮಾನ ವಿಜ್ಞಾನಿ ಟೆಡ್ ಫುಜಿಟಾ. 1945ರಲ್ಲಿ ನಾಗಸಾಕಿಯಲ್ಲಿ ಬಾಂಬಿನ ಕೆಳಗೆ ಮರಗಳು ನಕ್ಷತ್ರದಾಕಾರದಲ್ಲಿ ಹೊರಮುಖವಾಗಿ ಬಿದ್ದಿದ್ದನ್ನು ಅವರು ನೋಡಿದ್ದರು. 1974ರಲ್ಲಿ ಅಮೆರಿಕದಲ್ಲಿ ಬಿರುಗಾಳಿ ಬೀಸಿದ ಮೇಲೆ ವಿಮಾನದಿಂದ ನೋಡಿದರೆ ಕಾಡಿನಲ್ಲಿ ಅದೇ ಗುರುತು. ಮರುವರ್ಷ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಬೋಯಿಂಗ್ 727 ಬಿದ್ದು 113 ಜನ ಸತ್ತರು. ಕಾರಣ ಇಂಥ ಬೀಳುಗಾಳಿಯೇ ಎಂದು ಫುಜಿಟಾ ಹೇಳಿದಾಗ ಹಲವು ವಿಜ್ಞಾನಿಗಳು ನಂಬಲಿಲ್ಲ. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ ಕಂಪನಿಯ 191ನೇ ನಂಬರಿನ ವಿಮಾನ ಬಿದ್ದು 137 ಜನ ಹೋದ ಮೇಲೆ ಅಮೆರಿಕ ಗಾಬರಿಬಿದ್ದು ಎದ್ದಿತು. ಗಾಳಿಯ ವೇಗ ಅಳೆಯುವ ಡಾಪ್ಲರ್ ರೇಡಾರ್, ಕಾಕ್‌ಪಿಟ್ಟಿನಲ್ಲಿ "ವಿಂಡ್‌ಶಿಯರ್, ವಿಂಡ್‌ಶಿಯರ್" ಎಂದು ಕೂಗುವ ಯಂತ್ರ, ಸಿಮ್ಯುಲೇಟರಿನಲ್ಲಿ ಅಭ್ಯಾಸ, ಎಲ್ಲ ಬಂದವು. ನಮ್ಮ ಕಡೆ ಮಳೆಗಾಳಿಗೆ ಕಬ್ಬು ಮಲಗಿದರೆ ಎಲ್ಲದಕ್ಕೂ 'ಸುಂಟರಗಾಳಿ' ಅನ್ನುತ್ತೇವೆ. ಒಮ್ಮೆ ಮಹಡಿ ಹತ್ತಿ ನೋಡಿ. ಕಬ್ಬು ಸುರುಳಿ ಸುತ್ತಿ ಮಲಗಿದ್ದರೆ ಸುಂಟರಗಾಳಿ, ಒಂದು ನಡುವಿನಿಂದ ಸುತ್ತ ಹೊರಕ್ಕೆ ಮಲಗಿದ್ದರೆ ಫುಜಿಟಾ ಕಂಡ ಗಾಳಿ.

ಪೈಲಟ್‌ಗೆ ಕಲಿಸುವ ಪಾಠ ಚಿಕ್ಕದು. ಮುಂದೆ ಅನುಮಾನವಿದ್ದರೆ ಇಳಿಯಬೇಡ. ಒಳಗೆ ಸಿಕ್ಕಿಕೊಂಡರೆ ಎಂಜಿನ್ ಪೂರ್ತಿ ಬಲ, ಮೂಗು ಮೇಲೆ, ಚಕ್ರ ಮಡಚುವುದು ಗಿಡಚುವುದು ಆಮೇಲೆ. ಮೋಡ ತಾನಾಗಿ ಸುಸ್ತಾಗುವವರೆಗೆ ದೂರದಲ್ಲಿ ಸುತ್ತು.

ನಾವೂ ಹಾಗೇ ನಂಜನಗೂಡಿನ ಕಡೆ ಸುತ್ತುತ್ತಾ ಇದ್ದೆವು. ಗಾಳಿ ಸರಿಯಿಲ್ಲ, ಸ್ವಲ್ಪ ಕಾಯೋಣ ಎಂದು ಪೈಲಟ್ ಹೇಳಿದರು. ಕೆಳಗೆ ಒಂದು ಮೋಡದ ಬುಡದಿಂದ ಕೆಂಧೂಳು ಹೊಲಗಳ ಮೇಲೆ ಹರಡುತ್ತಿತ್ತು. ಇಪ್ಪತ್ತು ನಿಮಿಷದ ಮೇಲೆ ಇಳಿದಾಗ ರನ್‌ವೇ ಒದ್ದೆ, ಗಾಳಿಯ ಸುಳಿವೇ ಇಲ್ಲ. ಪಕ್ಕದವರು ಆಗಲೇ ಫೋನ್ ಹಿಡಿದು, ವೇಟಿಂಗ್ ಚಾರ್ಜ್ ಕೊಡಲ್ಲ ಅಂತ ಕಾರಿನವನ ಜೊತೆ ಜಗಳಕ್ಕೆ ಇಳಿದಿದ್ದರು.