ಬೇಡಿ ಕರಗಿಸಿ ಹೊಯ್ದ ಗಂಟೆ

1953ರ ಏಪ್ರಿಲ್. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಗಂಟೆ ಎರಕ ಹೊಯ್ಯುವ ಒಂದು ಕಾರ್ಖಾನೆ. ಅಲ್ಲಿಗೆ ಬಂದಿದ್ದು ಹಳೇ ಕಬ್ಬಿಣದ ರಾಶಿ: ಕೈಕೋಳ, ಕಾಲಿನ ಬೇಡಿ, ಸರಪಳಿ. ಎಲ್ಲವೂ ದೇಶದ ನಾನಾ ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳನ್ನು ಕಟ್ಟಿಹಾಕಲು ಬಳಸಿದ್ದವು. ಅವನ್ನು ಕರಗಿಸಿ 300 ಪೌಂಡ್ ತೂಕದ, ಅಂದರೆ ಸುಮಾರು 136 ಕೆ.ಜಿ.ಯ ಒಂದು ಗಂಟೆ ಮಾಡಿದರು. ತಮ್ಮನ್ನು ಬಿಗಿದಿದ್ದ ಬೇಡಿಗಳಿಂದಲೇ ಆದ ಈ ಗಂಟೆ ಮಾನಸಿಕ ಕಾಯಿಲೆ ಇರುವವರಿಗೆ ಭರವಸೆಯ ದನಿಯಾಗಲಿ ಎಂಬ ಅರ್ಥದ ಮಾತನ್ನು ಅದರ ಮೇಲೆ ಕೆತ್ತಿದರು.

ಗಂಟೆಯೇನೋ ಆಯಿತು. ಆದರೆ ಆ ಕಬ್ಬಿಣ ಕುಲುಮೆಗೆ ಬರೋಕೆ ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಜನರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಮಾನಸಿಕ ಆರೋಗ್ಯದ ಬಗ್ಗೆ ಜಾಗೃತಿ ಮೂಡಿದ ಚರಿತ್ರೆಯನ್ನು ಓದುತ್ತಾ ಹೋದರೆ ನನಗೆ ಕಾಣುವುದು ಇಷ್ಟು: ವಿಷಯ ತಿಳಿಯುವುದಕ್ಕಿಂತ ಅದನ್ನು ಯಾರು, ಎಲ್ಲಿ ನಿಂತು ಹೇಳಿದರು ಎಂಬುದೇ ಪ್ರತಿಸಲ ಮುಖ್ಯವಾಗಿದೆ.

ಮೊದಲು ಹೇಳಿದವರಲ್ಲಿ ದೊಡ್ಡ ಹೆಸರು ಡೊರೋಥಿಯಾ ಡಿಕ್ಸ್. ನಲವತ್ತರ ಹತ್ತಿರದ ಶಾಲಾ ಶಿಕ್ಷಕಿ, ಆರೋಗ್ಯ ಕೆಟ್ಟು ಪಾಠ ಬಿಟ್ಟಿದ್ದವರು. 1841ರ ಮಾರ್ಚ್‌ನ ಒಂದು ಭಾನುವಾರ ಮ್ಯಾಸಚೂಸೆಟ್ಸ್‌ನ ಈಸ್ಟ್ ಕೇಂಬ್ರಿಜ್ ಜೈಲಿಗೆ ಹೋದರು. ಹೆಣ್ಣು ಕೈದಿಗಳಿಗೆ ಬೈಬಲ್ ಪಾಠ ಹೇಳಬೇಕಿತ್ತು. ಅಲ್ಲಿ ಕಳ್ಳತನ ಮಾಡಿದವರ ಜೊತೆ, ಯಾವ ತಪ್ಪೂ ಮಾಡದ, ಬುದ್ಧಿ ಸ್ಥಿಮಿತ ತಪ್ಪಿದ ಹೆಂಗಸರನ್ನೂ ಕೂಡಿಹಾಕಿದ್ದರು. ಮೈ ಕೊರೆಯುವ ಚಳಿ, ಅವರ ಕೋಣೆಗಳಲ್ಲಿ ಬೆಂಕಿ ಇಲ್ಲ. ಯಾಕೆ ಅಂತ ಕೇಳಿದರೆ ಸಿಕ್ಕ ಉತ್ತರ: ಇಂಥವರಿಗೆ ಚಳಿ ಗೊತ್ತಾಗುವುದಿಲ್ಲ.

ಈ ಉತ್ತರವನ್ನು ಸ್ವಲ್ಪ ಗಮನಿಸಿ. ಅದರಲ್ಲಿ ಸಿಟ್ಟಿಲ್ಲ, ದ್ವೇಷವೂ ಇಲ್ಲ. ಅವರು ನಮ್ಮಂಥವರಲ್ಲ ಎಂಬ ಸಲೀಸಾದ ನಂಬಿಕೆ ಇದೆ, ಅಷ್ಟೆ. ಡಿಕ್ಸ್ ಕೋರ್ಟಿನ ತನಕ ಹೋಗಿ ಆ ಕೋಣೆಗಳಿಗೆ ಬೆಂಕಿ ಹಾಕಿಸಿದರು. ಆಮೇಲೆ ನೋಟ್‌ಬುಕ್ ಹಿಡಿದು ರಾಜ್ಯದ ಜೈಲು, ಬಡವರ ಆಶ್ರಯಗಳನ್ನೆಲ್ಲ ಸುತ್ತಿದರು. ಯಾವ ಊರು, ಎಷ್ಟು ಜನ, ಹೇಗೆ ಇಟ್ಟಿದ್ದಾರೆ, ಎಲ್ಲ ಬರೆದುಕೊಂಡರು. 1843ರ ಜನವರಿಯಲ್ಲಿ ಅದು ಒಂದು ಮನವಿಪತ್ರವಾಗಿ ರಾಜ್ಯದ ಶಾಸನಸಭೆಗೆ ಬಂತು. ಪಂಜರಗಳಲ್ಲಿ, ನೆಲಮಾಳಿಗೆಗಳಲ್ಲಿ, ದನದ ಕೊಟ್ಟಿಗೆಯಂಥ ಜಾಗಗಳಲ್ಲಿ ಸರಪಳಿ ಬಿಗಿದು, ಬರಿಮೈಯಲ್ಲಿ ಕೂಡಿಹಾಕಿ ಹೊಡೆಯುತ್ತಿದ್ದಾರೆ ಎಂದು ಅದರಲ್ಲಿ ನೇರವಾಗಿ ಬರೆದಿದ್ದರು. ಹೆಣ್ಣಾದ್ದರಿಂದ ಸಭೆಯಲ್ಲಿ ಓದುವಂತಿರಲಿಲ್ಲ. ಅವರ ಪರವಾಗಿ ಸ್ಯಾಮ್ಯುಯೆಲ್ ಹೋವ್ ಎಂಬ ಸದಸ್ಯರು ಮಂಡಿಸಿದರು. ಆಸ್ಪತ್ರೆ ವಿಸ್ತರಿಸಲು ಹಣ ಮಂಜೂರಾಯಿತು.

ಒಂದೊಂದೇ ರಾಜ್ಯ ಸುತ್ತಿ ಸಾಕಾಗಿ ಡಿಕ್ಸ್ ಕೊನೆಗೆ ಕೇಂದ್ರ ಸರ್ಕಾರಕ್ಕೇ ಕೈಹಾಕಿದರು. ಆಸ್ಪತ್ರೆಗಳ ಖರ್ಚಿಗಾಗಿ 1.2 ಕೋಟಿ ಎಕರೆಗೂ ಹೆಚ್ಚು ಸರ್ಕಾರಿ ಜಮೀನು ಮೀಸಲಿಡುವ ಮಸೂದೆ ಎರಡೂ ಸದನಗಳಲ್ಲಿ ಪಾಸಾಯಿತು. 1854ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅದನ್ನು ವೀಟೋ ಮಾಡಿಬಿಟ್ಟರು. ದಾನಧರ್ಮ ಕೇಂದ್ರ ಸರ್ಕಾರದ ಕೆಲಸ ಅಲ್ಲ ಎಂಬುದು ಅವರ ವಾದ. ಆ ಒಂದು ಸಹಿ ಸುಮಾರು ತೊಂಬತ್ತು ವರ್ಷ ಬಾಗಿಲು ಮುಚ್ಚಿತು.

ಡಿಕ್ಸ್ ರೋಗಿಗಳ ಪರ ಮಾತಾಡಿದರು. ರೋಗಿಗಳೇ ಮಾತಾಡಿದ್ದು ಯಾವಾಗ? ಹಿಂದೆಯೂ ಕೆಲವರು ಮಾತಾಡಿದ್ದರು, ಕೇಳಿಸಿಕೊಂಡವರು ಕಮ್ಮಿ. ಯೇಲ್‌ನಲ್ಲಿ ಓದಿ ವ್ಯಾಪಾರದ ಕೆಲಸಕ್ಕೆ ಸೇರಿದ್ದ ಕ್ಲಿಫರ್ಡ್ ಬಿಯರ್ಸ್ ಎಂಬ ಯುವಕ 1900ರಲ್ಲಿ ತೀವ್ರ ಕಾಯಿಲೆಬಿದ್ದರು. ಮೂರು ವರ್ಷ ಮೂರು ಆಸ್ಪತ್ರೆಗಳಲ್ಲಿದ್ದರು. ಒದೆ ತಿಂದರು, ಕೈ ಆಡದಂತೆ ಬಿಗಿಯುವ ಅಂಗಿ ತೊಡಿಸಿಕೊಂಡರು. ಒಳಗಿದ್ದುಕೊಂಡೇ ರಾಜ್ಯದ ಗವರ್ನರ್‌ಗೆ ಗುಟ್ಟಾಗಿ ದೂರಿನ ಪತ್ರ ಕಳಿಸಿದರು. ಹೊರಗೆ ಬಂದು 1908ರಲ್ಲಿ ತಮ್ಮ ಹೆಸರು ಹಾಕಿಯೇ ಪುಸ್ತಕ ಬರೆದರು. ಇನ್ನೊಬ್ಬರಾಗಿದ್ದರೆ ಸುಮ್ನೆ ಹಳೆಯದನ್ನು ಮರೆತು ಕೆಲಸ ನೋಡಿಕೊಳ್ಳುತ್ತಿದ್ದರೇನೋ. ಬಿಯರ್ಸ್ ಮರುವರ್ಷವೇ ಒಂದು ರಾಷ್ಟ್ರೀಯ ಸಮಿತಿ ಕಟ್ಟಿದರು. 1953ರ ಗಂಟೆ ಹೊಯ್ಸಿದ್ದು ಆ ಸಮಿತಿಯಿಂದ ಬೆಳೆದ ಸಂಸ್ಥೆಯೇ.

ಅಷ್ಟರಲ್ಲಿ ಡಿಕ್ಸ್ ಕಟ್ಟಿಸಿದ ಆಸ್ಪತ್ರೆಗಳು ಏನಾಗಿದ್ದವು? ಜನ ತುಂಬಿ ತುಳುಕಿ, ಅವರು ಜೈಲಿನಲ್ಲಿ ಕಂಡ ದೃಶ್ಯಗಳೇ ಅಲ್ಲಿ ಮರುಕಳಿಸಿದ್ದವು. ಇದು ಹೊರಬಿದ್ದ ರೀತಿಯೂ ವಿಚಿತ್ರ. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದ ಸುಮಾರು 3,000 ಯುವಕರನ್ನು ಬದಲಿ ಸೇವೆಯೆಂದು ಮನೋರೋಗ ಆಸ್ಪತ್ರೆಗಳಿಗೆ ಹಾಕಿದ್ದರು. ಫಿಲಡೆಲ್ಫಿಯಾದ ಬೈಬರಿ ಆಸ್ಪತ್ರೆಯಲ್ಲಿದ್ದ ಅವರಲ್ಲೊಬ್ಬರು ಕ್ಯಾಮೆರಾ ಬಚ್ಚಿಟ್ಟುಕೊಂಡು ಫೋಟೋ ತೆಗೆದರು. ಬರಿಮೈಯ ಗಂಡಸರು ಗೋಡೆಗೊರಗಿ, ತಲೆ ತಗ್ಗಿಸಿ ಕೂತ ಸಾಲು. 1946ರ ಮೇನಲ್ಲಿ ‘ಲೈಫ್’ ಪತ್ರಿಕೆ ಇಂಥ ಚಿತ್ರಗಳನ್ನು ಅಚ್ಚುಹಾಕಿತು. ಅದೇ ಜುಲೈನಲ್ಲಿ ಅಧ್ಯಕ್ಷ ಟ್ರೂಮನ್ ಮಾನಸಿಕ ಆರೋಗ್ಯ ಕಾಯ್ದೆಗೆ ಸಹಿ ಹಾಕಿದರು. ಫೋಟೋ ಒಂದೇ ಕಾರಣ ಅಲ್ಲ. ಯುದ್ಧದಿಂದ ಬಂದ ಸೈನಿಕರ ಮಾನಸಿಕ ಪೆಟ್ಟನ್ನು ದೇಶ ಕಣ್ಣಾರೆ ಕಂಡಿತ್ತು, ಕಾಯ್ದೆಯ ತಯಾರಿಯೂ ಮೊದಲೇ ನಡೆದಿತ್ತು. ಆದರೂ ಆ ಚಿತ್ರ ನೋಡಿದ ಮೇಲೆ ‘ಗೊತ್ತಿರಲಿಲ್ಲ’ ಅನ್ನೋ ಹಾಗಿರಲಿಲ್ಲ, ಅಲ್ವಾ?

1955ರ ಹೊತ್ತಿಗೆ ಅಮೆರಿಕದ ಸರ್ಕಾರಿ ಮನೋರೋಗ ಆಸ್ಪತ್ರೆಗಳಲ್ಲಿ 5 ಲಕ್ಷ 58 ಸಾವಿರಕ್ಕೂ ಹೆಚ್ಚು ಜನ ಇದ್ದರು. ಇವರನ್ನು ಊರಿನೊಳಗಿನ ಚಿಕ್ಕ ಕೇಂದ್ರಗಳಲ್ಲಿ ನೋಡಿಕೊಳ್ಳುವ ಕಾಯ್ದೆಗೆ 1963ರ ಅಕ್ಟೋಬರ್ 31ರಂದು ಜಾನ್ ಕೆನಡಿ ಸಹಿ ಹಾಕಿದರು. ಅವರ ತಂಗಿ ರೋಸ್‌ಮೇರಿಗೆ 1941ರಲ್ಲಿ, 23ನೇ ವಯಸ್ಸಿನಲ್ಲಿ, ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿ ಆಕೆಯ ಬದುಕೇ ಮುರಿದುಬಿದ್ದಿತ್ತು. ಆ ಶಸ್ತ್ರಚಿಕಿತ್ಸೆಯ ವಿಷಯವನ್ನು ಮನೆಯವರು ದಶಕಗಳ ಕಾಲ ಹೊರಗೆ ಹೇಳಲಿಲ್ಲ. ಕಾಯ್ದೆಗೆ ಸಹಿ ಬಿದ್ದ ಮೂರು ವಾರದಲ್ಲಿ ಕೆನಡಿ ಹತ್ಯೆಯಾಯಿತು. ಆಸ್ಪತ್ರೆಗಳು ಖಾಲಿಯಾಗುತ್ತಾ ಹೋದವು. ಅಂದುಕೊಂಡ ಕೇಂದ್ರಗಳಲ್ಲಿ ಸುಮಾರು ಅರ್ಧ ಮಾತ್ರ ಎದ್ದವು. ಮಿಕ್ಕವರು ಬೀದಿಗೆ, ಇಲ್ಲವೇ ಮತ್ತೆ ಜೈಲಿಗೆ.

ಇದೇ ಕೆಲಸವನ್ನು ಇಟಲಿ ಬೇರೆ ಥರ ಮಾಡಿತು. ಟ್ರಿಯೆಸ್ಟೆಯ ಮನೋರೋಗ ಆಸ್ಪತ್ರೆಗೆ 1971ರಲ್ಲಿ ಫ್ರಾಂಕೊ ಬಸಾಲಿಯಾ ಮುಖ್ಯಸ್ಥರಾಗಿ ಬಂದರು. ಅಲ್ಲಿ ಬಟ್ಟೆಗಾಡಿ ಎಳೆಯುವ ಮಾರ್ಕೊ ಎಂಬ ಮುದಿ ಕುದುರೆ ಇತ್ತು. ಅದನ್ನು ಕಸಾಯಿಗೆ ಕೊಡಬೇಡಿ ಎಂದು ರೋಗಿಗಳೇ ಅಧಿಕಾರಿಗಳಿಗೆ ಪತ್ರ ಬರೆದು ಉಳಿಸಿಕೊಂಡರು. 1973ರಲ್ಲಿ ಅದರ ನೆನಪಿಗೆ ಮರ, ಕಾಗದದ ಮುದ್ದೆಯಲ್ಲಿ ಆಳೆತ್ತರ ಮೀರಿದ ನೀಲಿ ಕುದುರೆ ಮಾಡಿದರು. ಮೆರವಣಿಗೆಯಲ್ಲಿ ಊರೊಳಗೆ ಒಯ್ಯುವ ಆಸೆ. ಆದರೆ ಕುದುರೆ ಬಾಗಿಲಲ್ಲಿ ಹಿಡಿಸಲಿಲ್ಲ. ಹಿಂದಕ್ಕೆ ಒಯ್ಯುವ ಬದಲು ಬಾಗಿಲನ್ನೇ ಒಡೆದರು. ಕುದುರೆಯ ಹಿಂದೆ ರೋಗಿಗಳು, ನರ್ಸ್‌ಗಳು, ಡಾಕ್ಟರ್‌ಗಳು ಬೀದಿಯಲ್ಲಿ ನಡೆದರು. ಐದು ವರ್ಷದ ನಂತರ, 1978ರ ಮೇ 13ರಂದು, ಹೊಸ ಹುಚ್ಚಾಸ್ಪತ್ರೆ ಕಟ್ಟುವುದನ್ನು ನಿಲ್ಲಿಸಿ ಇದ್ದವನ್ನು ಹಂತಹಂತವಾಗಿ ಮುಚ್ಚುವ 180ನೇ ಕಾನೂನು ಇಟಲಿಯಲ್ಲಿ ಬಂತು. ಅದೂ ಎಲ್ಲ ಕಡೆ ಒಂದೇ ಸಮ ಜಾರಿಯಾಗಲಿಲ್ಲ, ಬಿಡಿ.

ಇಷ್ಟೆಲ್ಲ ನಡೆದರೂ ಒಂದು ಜಾಗದಲ್ಲಿ ಮಾತ್ರ ಬಾಯಿ ಬಿಡುವಂತಿರಲಿಲ್ಲ: ಅಧಿಕಾರದ ಕುರ್ಚಿಯಲ್ಲಿ. 1972ರಲ್ಲಿ ಅಮೆರಿಕದ ಸೆನೆಟರ್ ಥಾಮಸ್ ಈಗಲ್ಟನ್ ಡೆಮಾಕ್ರಟಿಕ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾದರು. ಹಿಂದೆ ಖಿನ್ನತೆಗಾಗಿ ಮೂರು ಸಲ ಆಸ್ಪತ್ರೆ ಸೇರಿದ್ದು, ವಿದ್ಯುತ್ ಚಿಕಿತ್ಸೆ ಪಡೆದಿದ್ದು ಹೊರಬಿತ್ತು. 18ನೇ ದಿನಕ್ಕೆ ಅವರನ್ನು ಕೆಳಗಿಳಿಸಿದರು. ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ಆದರೆ ಅದೇ ಈಗಲ್ಟನ್ 1974ರಲ್ಲಿ, ಮತ್ತೆ 1980ರಲ್ಲಿ ಸೆನೆಟ್‌ಗೆ ಆರಿಸಿಬಂದರು. ಹೆದರಿದ್ದು ಪಕ್ಷದವರು. ಅವರ ರಾಜ್ಯದ ಮತದಾರರು ಅಷ್ಟೇನೂ ತಲೆಕೆಡಿಸಿಕೊಂಡಿರಲಿಲ್ಲ.

1998ರಲ್ಲಿ ನಾರ್ವೆಯ ಪ್ರಧಾನಿ ಶೆಲ್ ಮಾಗ್ನೆ ಬೊಂಡೆವಿಕ್ ಕೆಲಸದ ಭಾರಕ್ಕೆ ಕುಸಿದರು. ಜ್ವರ, ಸುಸ್ತು ಎಂಬ ನೆಪ ಹೇಳಬಹುದಿತ್ತು. ಖಿನ್ನತೆ ಎಂದೇ ತಿಳಿಸಿ ಮೂರೂವರೆ ವಾರ ರಜೆ ಹಾಕಿದರು. 2001ರಲ್ಲಿ ಮತ್ತೆ ಪ್ರಧಾನಿಯೂ ಆದರು. 2012ರ ಜೂನ್ 14ರಂದು ಬ್ರಿಟನ್ ಸಂಸತ್ತಿನಲ್ಲಿ ಕೆವನ್ ಜೋನ್ಸ್ ಎಂಬ ಸದಸ್ಯರು ತಯಾರಿಸಿಕೊಂಡು ಬಂದ ಟಿಪ್ಪಣಿ ಪಕ್ಕಕ್ಕಿಟ್ಟು, ತಮಗೆ 1996ರಲ್ಲಿ ಖಿನ್ನತೆ ಬಂದಿದ್ದನ್ನು ಹೇಳಿಕೊಂಡರು. ಎದುರು ಪಕ್ಷದ ಚಾರ್ಲ್ಸ್ ವಾಕರ್ ಎದ್ದು, ತಾನು 31 ವರ್ಷದಿಂದ ಒಸಿಡಿ (ಬೇಡದ ಯೋಚನೆ ಬಿಡದೆ ಕಾಡಿ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಜೊತೆ ಬದುಕುತ್ತಿದ್ದೇನೆ ಎಂದು ತಮಾಷೆ ಬೆರೆಸಿಯೇ ಹೇಳಿದರು. ಆ ಮಧ್ಯಾಹ್ನ ಇನ್ನೂ ಕೆಲವರು ಎದ್ದುನಿಂತರು.

ಅವತ್ತಿಗೂ ಒಂದು ನಿಯಮ ಜಾರಿಯಲ್ಲಿತ್ತು. ಮಾನಸಿಕ ಕಾಯಿಲೆಗಾಗಿ ಕಾನೂನಿನಡಿ ಆರು ತಿಂಗಳು ಮೀರಿ ಆಸ್ಪತ್ರೆಯಲ್ಲಿ ಇಟ್ಟರೆ ಸಂಸದನ ಸ್ಥಾನ ಹೋಗುತ್ತಿತ್ತು. ಹೃದಯಾಘಾತವಾಗಿ ಅಷ್ಟೇ ದಿನ ಮಲಗಿದರೆ ಏನೂ ಆಗುತ್ತಿರಲಿಲ್ಲ. ಇದರ ಹಳೆಯ ರೂಪದಡಿ ಚಾರ್ಲ್ಸ್ ಲೀಚ್ ಎಂಬ ಸಂಸದ 1916ರಲ್ಲಿ ಸ್ಥಾನ ಕಳೆದುಕೊಂಡಿದ್ದರು. ಸದನದ ಆ ಮಾತುಕತೆಯಾಗಿ ಎಂಟು ತಿಂಗಳಲ್ಲಿ, 2013ರ ಫೆಬ್ರವರಿಯಲ್ಲಿ, ನಿಯಮ ರದ್ದಾಯಿತು.

ಇನ್ನು ದುಡ್ಡಿನ ವಿಷಯ. ಸರ್ಕಾರಗಳು ಬಹುಕಾಲ ಕಾಯಿಲೆಗಳನ್ನು ಸಾವಿನ ಲೆಕ್ಕದಲ್ಲಿ ಅಳೆಯುತ್ತಿದ್ದವು. ಆ ಲೆಕ್ಕದಲ್ಲಿ ಖಿನ್ನತೆ ಕಾಣುತ್ತಲೇ ಇರಲಿಲ್ಲ. 1990ರ ದಶಕದಲ್ಲಿ ಕಾಯಿಲೆಯಿಂದ ನರಳುತ್ತಾ ಕಳೆದ ವರ್ಷಗಳನ್ನೂ ಎಣಿಸಿದರು. ಆಗ ಜಗತ್ತಿನಲ್ಲಿ ಜನರನ್ನು ಅಶಕ್ತರನ್ನಾಗಿಸುವ ಹತ್ತು ದೊಡ್ಡ ಕಾರಣಗಳಲ್ಲಿ ಐದು ಮಾನಸಿಕ ಕಾಯಿಲೆಗಳೇ ಎಂದು ಗೊತ್ತಾಯಿತು. ಈ ಲೆಕ್ಕ ಹಿಡಿದು ವಿಶ್ವ ಆರೋಗ್ಯ ಸಂಸ್ಥೆ 2001ರ ಏಪ್ರಿಲ್‌ನ ಆರೋಗ್ಯ ದಿನವನ್ನೂ, ಅಕ್ಟೋಬರ್‌ನ ವರದಿಯನ್ನೂ ಮಾನಸಿಕ ಆರೋಗ್ಯಕ್ಕೇ ಮೀಸಲಿಟ್ಟಿತು. ಆ ಎರಡರ ನಡುವೆ, ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಲ್ಲಿ ಬಿಗಿದಿದ್ದರು. ಓಡಲಾಗಲಿಲ್ಲ. 28 ಜನ ಸತ್ತರು. ಬಾಲ್ಟಿಮೋರ್‌ನ ಗಂಟೆಗೆ ಆಗ 48 ವರ್ಷ.

2015ರಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಮಾನಸಿಕ ಆರೋಗ್ಯದ ಹೆಸರು ಸೇರಿತು. ಅದೇ ವಿಶ್ವಸಂಸ್ಥೆ 2000ದಲ್ಲಿ ಇಟ್ಟುಕೊಂಡಿದ್ದ ಗುರಿಗಳಲ್ಲಿ ಅದು ಇರಲೇ ಇಲ್ಲ. ಅಕ್ಟೋಬರ್ 10ರ ಮಾನಸಿಕ ಆರೋಗ್ಯ ದಿನವನ್ನು 1992ರಿಂದ ಆಚರಿಸುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಲೆಕ್ಕ ಮಾತ್ರ ಹೀಗಿದೆ: ಸರ್ಕಾರಗಳು ತಮ್ಮ ಆರೋಗ್ಯ ಬಜೆಟ್‌ನಲ್ಲಿ ಮಾನಸಿಕ ಆರೋಗ್ಯಕ್ಕೆ ಕೊಡುವುದು ಸರಾಸರಿ ಶೇ 2ರಷ್ಟು. ಅದರಲ್ಲೂ ಹೆಚ್ಚಿನ ಪಾಲು ಹೋಗುವುದು ದೊಡ್ಡ ಮನೋರೋಗ ಆಸ್ಪತ್ರೆಗಳಿಗೆ, ನೀಲಿ ಕುದುರೆ ಬಾಗಿಲು ಒಡೆಸಿಕೊಂಡು ಹೊರಬಂತಲ್ಲ, ಅಂಥ ಗೋಡೆಗಳ ಒಳಕ್ಕೆ.