ಕುಸಿದದ್ದೋ, ಮುಚ್ಚಿದ್ದೋ?

ಉತ್ಖನನದಲ್ಲಿ ಗೋಡೆಯೊಂದು ಕಂಡ ಕೂಡಲೇ ಎಲ್ಲರ ಕಣ್ಣೂ ಅದರ ಮೇಲೆಯೇ ನೆಡುತ್ತದೆ. ನಾನು ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಗೋಡೆಗಳ ನಡುವೆ ತುಂಬಿರುವ ಮಣ್ಣನ್ನು. ತಾನಾಗಿ ಹಾಳುಬಿದ್ದ ಕೋಣೆಯಲ್ಲಿ ಗೋಡೆಯ ಬುಡಕ್ಕೆ ಉದುರಿದ ಗಿಲಾವು, ಅದರ ಮೇಲೆ ಉರುಳಿದ ಕಲ್ಲು, ನಡುನಡುವೆ ಮಳೆನೀರು ತಂದು ಬಿಟ್ಟ ತೆಳು ಪದರಗಳು ಇರುತ್ತವೆ. ಬೇಕೆಂದೇ ತುಂಬಿದ ಕೋಣೆಯಲ್ಲಿ ಆ ಪದರಗಳು ಕಾಣುವುದಿಲ್ಲ. ಗಿಲಾವು ಹೊಸದರಂತೆ ನಿಂತಿರುತ್ತದೆ.

ಇದಕ್ಕೆ ನಾನು ಸದಾ ಕೊಡುವ ಉದಾಹರಣೆ ಪೆರುವಿನ ಕೊಟೋಷ್. ಆಂಡಿಸ್ ಪರ್ವತಗಳ ನಡುವೆ, ವನುಕೊ ಪಟ್ಟಣದ ಹತ್ತಿರ, ಹಿಗೇರಸ್ ನದಿಯ ಕಣಿವೆಯಲ್ಲಿರುವ ದಿಬ್ಬ ಅದು. 1960ರಲ್ಲಿ ಸೆಯಿಚಿ ಇಝುಮಿ ನೇತೃತ್ವದ ಟೋಕಿಯೊ ವಿಶ್ವವಿದ್ಯಾಲಯದ ತಂಡ ಅಲ್ಲಿ ಅಗೆಯತೊಡಗಿತು. ಸಿಕ್ಕಿದ್ದು ಸುಮಾರು 4000 ವರ್ಷ ಹಳೆಯ ಗುಡಿ. ಆ ಕಾಲದ ಪದರದಲ್ಲಿ ಒಂದು ಮಡಕೆಚೂರೂ ಇಲ್ಲ! ಮಡಕೆ ಮಾಡುವುದಕ್ಕೂ ಮೊದಲೇ ಈ ಜನ ಗುಡಿ ಕಟ್ಟಿದ್ದರು.

ಒಂದೊಂದು ಬದಿಯೂ ಒಂಬತ್ತು ಮೀಟರಿಗೆ ತುಸು ಹೆಚ್ಚಿರುವ ಒಂದೇ ಕೋಣೆ. ಸುತ್ತ ಜಗಲಿ, ನಡುವೆ ತಗ್ಗಿಸಿದ ನೆಲ, ಅದರ ಮಧ್ಯೆ ಅಗ್ನಿಕುಂಡ. ಮುಚ್ಚಿದ ಕೋಣೆಯಲ್ಲಿ ಬೆಂಕಿ ಆರದಿರಲೆಂದು ನೆಲದಡಿಯಲ್ಲಿ ಹೊರಗಿನಿಂದ ಕುಂಡದವರೆಗೆ ಗಾಳಿಕೊಳವೆ. ಇಂಥದೇ ಕುಂಡಗಳು ಪೆರುವಿನ ಇನ್ನೊಂದು ಕಣಿವೆಯಲ್ಲಿರುವ ಲಾ ಗಲ್ಗಾಡಾ ಎಂಬ ನೆಲೆಯ ಗುಡಿಗಳಲ್ಲೂ ಇವೆ. ಅಲ್ಲಿ ಮೆಣಸಿನಕಾಯಿಯನ್ನೂ ಬೆಂಕಿಗೆ ಹಾಕಿದ ಗುರುತು ಸಿಕ್ಕಿದೆ. ದೃಷ್ಟಿ ತೆಗೆದು ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟು ಗೊತ್ತಿದ್ದವರಿಗೆ, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕೂತವರ ಕಣ್ಣು ಹೇಗೆ ಉರಿದಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಕೊಟೋಷ್‌ನ ಗೋಡೆಯಲ್ಲಿ ಗೂಡುಗಳಿವೆ. ಎರಡು ಗೂಡುಗಳ ಕೆಳಗೆ ಜೇಡಿಮಣ್ಣಿನಲ್ಲಿ ಉಬ್ಬಾಗಿ ಮೂಡಿಸಿದ, ಒಂದರ ಮೇಲೊಂದು ಅಡ್ಡ ಇಟ್ಟ ಕೈಗಳು. ಒಂದು ಜೋಡಿ ದಪ್ಪ, ಇನ್ನೊಂದು ತೆಳು. ಗಂಡು, ಹೆಣ್ಣು ಎಂದು ಕೆಲವರು ಓದುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಕೈಗಳ ಮುಂದಿದ್ದ ಮರಳು. ಕೋಣೆಗೆ ಕಲ್ಲುಮಣ್ಣು ತುಂಬುವ ಮುನ್ನ ಯಾರೋ ಈ ಶಿಲ್ಪಗಳಿಗೆ ಪೆಟ್ಟಾಗದಂತೆ ಮರಳು ಸುರಿದಿದ್ದಾರೆ. ಒಣಗಿದ ಜೇಡಿಮಣ್ಣಿನ ಬೆರಳಿಗೆ ಒಂದು ಕಲ್ಲು ತಗುಲಿದರೂ ಸಾಕು, ಮುರಿಯುತ್ತದೆ. ಶತ್ರುಗಳಾಗಿದ್ದರೆ, ಬೇಸತ್ತು ಬಿಟ್ಟುಹೋದವರಾಗಿದ್ದರೆ, ಈ ಜತನ ಯಾಕೆ?

ತುಂಬಿದ ಆ ಕೋಣೆಯ ನೆತ್ತಿಯ ಮೇಲೆಯೇ ಮತ್ತೊಂದು ಗುಡಿ ಎದ್ದಿತು. ಇಂದು ಅದನ್ನು 'ಪುಟ್ಟ ಗೂಡುಗಳ ಗುಡಿ' ಎನ್ನುತ್ತಾರೆ. ಅದರ ನಡುವೆಯೂ ಅಗ್ನಿಕುಂಡ ಉರಿಯಿತು, ಹಳೆಯ ಕೈಗಳು ಕೆಳಗೆ ಮರಳಿನಲ್ಲಿ ಹಾಗೇ ಇದ್ದವು.